ಹಬ್ಬಕ್ಕೆ ಮುಂಚೆ ಒಮ್ಮೆ ಪಾಲಿಸಿ ತೆರೆದು ಓದಿ

ಬೆಂಗಳೂರಿನ ಅಪಾರ್ಟ್‌ಮೆಂಟ್ ಮತ್ತು ಬಡಾವಣೆ ನಿವಾಸಿಗಳ ಸಂಘಗಳ ಅಧ್ಯಕ್ಷರು, ಕಾರ್ಯದರ್ಶಿಗಳು, ಖಜಾಂಚಿಗಳು ಹಾಗೂ ಎಲ್ಲ ಸದಸ್ಯರಿಗೆ,

ಮಾನ್ಯರೇ,

ದೀಪಾವಳಿ ಹತ್ತಿರ ಬಂತು. ನಿಮ್ಮ ಸಮಿತಿಯ ಸಭೆಗಳಲ್ಲಿ ಈಗ ಯಾವ ಮಾತು ನಡೆದಿರುತ್ತದೆ ಎಂಬುದನ್ನು ಊಹಿಸಬಲ್ಲೆ. ಗೇಟಿಗೆ ಸೀರಿಯಲ್ ಲೈಟು ಹಾಕಿಸುವುದು ಯಾರಿಂದ, ರಂಗೋಲಿ ಸ್ಪರ್ಧೆಗೆ ಬಹುಮಾನ ಏನು, ವಾಚ್‌ಮನ್‌ಗಳಿಗೆ ಹಬ್ಬದ ಇನಾಮು ಎಷ್ಟು, ಪಟಾಕಿ ಹೊಡೆಯಲು ಯಾವ ಜಾಗ. ಎಲ್ಲವೂ ಬೇಕಾದ ವಿಷಯಗಳೇ. ಅವುಗಳ ಜೊತೆಗೆ ಅರ್ಧ ಗಂಟೆಯನ್ನು ಇನ್ನೊಂದು ವಿಷಯಕ್ಕೆ ಮೀಸಲಿಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಹಬ್ಬದ ರಾತ್ರಿ ಬಾಲ್ಕನಿಗೆ ಬೆಂಕಿ ಬಿದ್ದರೆ, ಮಗುವಿನ ಕಣ್ಣಿಗೆ ಕಿಡಿ ಹಾರಿದರೆ, ಊರಿಗೆ ಹೋಗಿದ್ದಾಗ ಮನೆಯ ಬೀಗ ಮುರಿದರೆ, ಅದರ ನಷ್ಟವನ್ನು ಯಾರು ತುಂಬಿಕೊಡುತ್ತಾರೆ? ನಿಮ್ಮ ಕಟ್ಟಡದಲ್ಲಿ ಎಷ್ಟು ಮನೆಯವರಿಗೆ ಇದಕ್ಕೆ ಖಚಿತವಾದ ಉತ್ತರ ಗೊತ್ತಿದೆ?

ನಾನು ಬಹಳ ವರ್ಷ ಒಂದು ಸಾಮಾನ್ಯ ವಿಮಾ ಕಂಪನಿಯ ಕ್ಲೇಮು ವಿಭಾಗದಲ್ಲಿ ಕೆಲಸ ಮಾಡಿದವನು. ಆ ಮೇಜಿನ ಹಿಂದೆ ಕೂತು ಕಂಡದ್ದು ಇದು: ವಿಮೆ ಬೇಡವೆಂದು ತೀರ್ಮಾನಿಸಿ ಬಿಟ್ಟವರು ಕಡಿಮೆ. ವಿಮೆ ಇದೆ ಎಂದು ನಂಬಿಕೊಂಡು, ನಷ್ಟವಾದ ಮೇಲೆ ಇಲ್ಲವೆಂದು ತಿಳಿದವರೇ ಹೆಚ್ಚು. ಅವರ ಮುಖ ನೋಡುವುದು ಕಷ್ಟ.

ಒಂದು ಮನೆಯ ವಿಷಯ ಹೇಳುತ್ತೇನೆ. ದಕ್ಷಿಣ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿ. ಅಮಾವಾಸ್ಯೆಯ ರಾತ್ರಿ ಎಲ್ಲಿಂದಲೋ ಬಂದ ರಾಕೆಟ್ಟು ಬಾಲ್ಕನಿಗೆ ಬಿತ್ತು. ಅಲ್ಲಿ ಒಣಗಲು ಹಾಕಿದ್ದ ಬಟ್ಟೆ, ಹಳೆಯ ಪೇಪರ್ ಕಟ್ಟು, ಮಡಚಿಟ್ಟ ರಟ್ಟಿನ ಪೆಟ್ಟಿಗೆಗಳು. ಮನೆಯವರು ಕೆಳಗೆ ಅಂಗಳದಲ್ಲಿ ಎಲ್ಲರ ಜೊತೆ ಹೂಕುಂಡ ಹಚ್ಚುತ್ತಿದ್ದರು. ಮೇಲೆ ನೋಡುವಷ್ಟರಲ್ಲಿ ಬೆಂಕಿ ಪರದೆ ಹಿಡಿದು ಹಾಲಿನೊಳಗೆ ಹೋಗಿತ್ತು. ಸೋಫಾ, ಟಿವಿ, ಮರದ ಪ್ಯಾನೆಲಿಂಗು, ಫಾಲ್ಸ್ ಸೀಲಿಂಗು ಎಲ್ಲ ಹೋಯಿತು. ಜೀವಕ್ಕೆ ಏನೂ ಆಗಲಿಲ್ಲ, ಅದೇ ಪುಣ್ಯ. ಎರಡು ದಿನ ಬಿಟ್ಟು ಆ ಮನೆಯ ಯಜಮಾನರು ಒಂದು ಪ್ಲಾಸ್ಟಿಕ್ ಫೈಲು ಹಿಡಿದು ಪರಿಚಯದವರ ಮೂಲಕ ನನ್ನ ಹತ್ತಿರ ಬಂದರು. ಮೇಲೆ ಇಂಗ್ಲಿಷಿನಲ್ಲಿ ‘ಹೋಮ್ ಲೋನ್ ಇನ್ಶೂರೆನ್ಸ್’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಸಾಲ ಕೊಡುವಾಗ ಬ್ಯಾಂಕಿನವರೇ ಮಾಡಿಸಿದ್ದು, ಒಂದೇ ಕಂತಿನಲ್ಲಿ ದೊಡ್ಡ ಮೊತ್ತ ಕಟ್ಟಿದ್ದೇನೆ, ಇಪ್ಪತ್ತು ವರ್ಷಕ್ಕೆ ಇದೆ ಎಂದರು. ತೆರೆದು ನೋಡಿದೆ. ಅದು ಸಾಲಗಾರನ ಜೀವಕ್ಕೆ ಮಾಡಿದ ವಿಮೆ. ಅವರು ತೀರಿಕೊಂಡರೆ ಸಾಲದ ಬಾಕಿ ತೀರುತ್ತದೆ. ಮನೆಗೂ ಆ ಕಾಗದಕ್ಕೂ ಸಂಬಂಧವೇ ಇರಲಿಲ್ಲ. ಅದನ್ನು ಹೇಳಿದಾಗ ಅವರು ಫೈಲನ್ನು ಮತ್ತೆ ಮತ್ತೆ ತಿರುವಿ ಹಾಕಿ, ಕೊನೆಯ ಪುಟದವರೆಗೂ ನೋಡಿದರು.

ಹೋಮ್ ಲೋನ್ ಇರುವ ಪ್ರತಿಯೊಬ್ಬರೂ ದಯವಿಟ್ಟು ಇಂದೇ ಆ ಕಾಗದ ತೆಗೆದು ನೋಡಿ. ವಿಮೆ ಯಾವುದಕ್ಕೆ ಮಾಡಿದ್ದಾರೆ ಎಂಬ ಕಲಂನಲ್ಲಿ ನಿಮ್ಮ ಹೆಸರಿದೆಯೋ ನಿಮ್ಮ ಮನೆಯ ವಿಳಾಸವಿದೆಯೋ ಅಷ್ಟನ್ನು ನೋಡಿದರೆ ಸಾಕು. ಎರಡೂ ಒಳ್ಳೆಯ ವಿಮೆಗಳೇ. ಆದರೆ ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ.

ಮನೆಯ ವಿಮೆಯ ವಿಷಯದಲ್ಲಿ ಈಗ ಮೊದಲಿನಷ್ಟು ಗೊಂದಲವಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಜಾರಿಗೆ ತಂದಿದೆ. ಬೆಂಕಿ ವಿಮೆ ಮಾರುವ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಇದನ್ನು ಕೊಡಲೇಬೇಕು, ಮತ್ತು ಮೂಲ ಷರತ್ತುಗಳು ಎಲ್ಲ ಕಡೆಯೂ ಒಂದೇ. ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಗಲಭೆ, ನೀರಿನ ಟ್ಯಾಂಕ್ ಒಡೆಯುವುದು ಇವೆಲ್ಲ ಅದರಲ್ಲಿ ಬರುತ್ತವೆ. ಪಕ್ಕದ ಬೀದಿಯ ರಾಕೆಟ್ಟಿನಿಂದ ಬೆಂಕಿ ಹತ್ತಿದರೂ ಅದು ಬೆಂಕಿಯೇ. ಮನೆ ವಾಸಕ್ಕೆ ಯೋಗ್ಯವಾಗುವವರೆಗೆ ಬೇರೆ ಕಡೆ ಇರಬೇಕಾಗಿ ಬಂದರೆ ಆ ಬಾಡಿಗೆ ಕೂಡ ಮೂಲ ಪಾಲಿಸಿಯೊಳಗೇ ಸೇರಿದೆ. ಸುಟ್ಟ ಅವಶೇಷ ತೆಗೆಸುವ ಖರ್ಚಿಗೂ ಒಂದು ಮಿತಿಯಲ್ಲಿ ಅವಕಾಶವಿದೆ.

ಕಟ್ಟಡಕ್ಕೆ ಈ ಪಾಲಿಸಿ ಮಾಡಿಸಿದರೆ ಮನೆಯೊಳಗಿನ ಸಾಮಾನುಗಳಿಗೂ ತಾನಾಗಿಯೇ ರಕ್ಷಣೆ ಸಿಗುತ್ತದೆ: ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ. ಪಟ್ಟಿ ಕೊಡಬೇಕಾಗಿಲ್ಲ. ಅದಕ್ಕಿಂತ ಹೆಚ್ಚು ಬೇಕಿದ್ದರೆ ಮಾತ್ರ ಘೋಷಿಸಬೇಕು. ಹಳೆಯ ಪಾಲಿಸಿಗಳಲ್ಲಿ ಮನೆಯ ಬೆಲೆಗಿಂತ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದರೆ ಪರಿಹಾರವನ್ನೂ ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತಿದ್ದರು. ಈ ಪಾಲಿಸಿಯಲ್ಲಿ ಆ ಕಡಿತವಿಲ್ಲ. ಸಾಮಾನ್ಯ ಮನೆಗಳ ಪಾಲಿಗೆ ಇದು ಬಹಳ ದೊಡ್ಡ ಸುಧಾರಣೆ ಎಂದೇ ನನ್ನ ಅಭಿಪ್ರಾಯ, ಮತ್ತು ಇದು ಇನ್ನೂ ಜನರಿಗೆ ಮುಟ್ಟಿಲ್ಲ.

ಮೊತ್ತ ಲೆಕ್ಕ ಹಾಕುವಾಗ ಬೆಂಗಳೂರಿನವರು ಒಂದು ಕಡೆ ಎಡವುತ್ತಾರೆ. ಒಂದೂವರೆ ಕೋಟಿಯ ಫ್ಲ್ಯಾಟು ಎಂದು ಒಂದೂವರೆ ಕೋಟಿಗೆ ವಿಮೆ ಮಾಡಿಸಬೇಕಿಲ್ಲ. ನೆಲದ ಬೆಲೆ ಸುಡುವುದಿಲ್ಲ. ಕಾರ್ಪೆಟ್ ಏರಿಯಾವನ್ನು ಇಂದಿನ ನಿರ್ಮಾಣ ವೆಚ್ಚದಿಂದ ಗುಣಿಸಿದರೆ ಬರುವ ಮೊತ್ತ ಸಾಕು. ಹಾಗೆ ಲೆಕ್ಕ ಹಾಕಿದರೆ ವರ್ಷದ ಪ್ರೀಮಿಯಂ ಎಷ್ಟೋ ಮನೆಗಳು ಹಬ್ಬಕ್ಕೆ ತರುವ ಪಟಾಕಿಯ ಬಿಲ್ಲಿಗಿಂತ ಹೆಚ್ಚಾಗುವುದಿಲ್ಲ.

ಬಾಡಿಗೆ ಮನೆಯಲ್ಲಿರುವವರಿಗೆ ಒಂದು ಮಾತು. ಮಾಲೀಕರು ಕಟ್ಟಡಕ್ಕೆ ವಿಮೆ ಮಾಡಿಸಿದ್ದರೂ ಅದರಲ್ಲಿ ನಿಮ್ಮ ಮಂಚ, ಫ್ರಿಡ್ಜು, ಲ್ಯಾಪ್‌ಟಾಪು ಬರುವುದಿಲ್ಲ. ಸಾಮಾನಿಗೆ ಮಾತ್ರ ಬೇರೆಯಾಗಿ ಪಾಲಿಸಿ ಮಾಡಿಸಬಹುದು. ಸಂಘದ ಪದಾಧಿಕಾರಿಗಳೂ ಇದನ್ನು ಗಮನಿಸಿ: ಸಂಘ ತೆಗೆದುಕೊಂಡಿರುವ ಪಾಲಿಸಿ ಸಾಮಾನ್ಯವಾಗಿ ಕಟ್ಟಡದ ಚೌಕಟ್ಟು, ಲಿಫ್ಟು, ಜನರೇಟರು, ಕ್ಲಬ್‌ಹೌಸಿನಂಥ ಸಾಮೂಹಿಕ ಆಸ್ತಿಗೆ. ಫ್ಲ್ಯಾಟಿನ ಒಳಗಿರುವ ವಸ್ತುಗಳು ಅದರಲ್ಲಿ ಸೇರಿಲ್ಲ. ‘ಮೆಂಟೆನೆನ್ಸ್ ಕಟ್ಟುತ್ತೇವಲ್ಲ, ಅದರಲ್ಲೇ ಇನ್ಶೂರೆನ್ಸ್ ಇದೆ’ ಎಂದು ಹೇಳುವ ಸದಸ್ಯರು ಪ್ರತಿ ಕಟ್ಟಡದಲ್ಲೂ ಇದ್ದಾರೆ. ಅವರಿಗೆ ಇದನ್ನು ಬರಹದಲ್ಲಿ ತಿಳಿಸುವುದು ಸಮಿತಿಯ ಕರ್ತವ್ಯ.

ಇನ್ನು ಒಡವೆ. ಲಕ್ಷ್ಮೀಪೂಜೆಯ ದಿನ ನಮ್ಮಲ್ಲಿ ಒಡವೆ, ಬೆಳ್ಳಿ ಸಾಮಾನು, ನೋಟಿನ ಕಟ್ಟು ಎಲ್ಲವನ್ನೂ ದೇವರ ಮುಂದೆ ಇಡುವ ಪದ್ಧತಿ. ಲಕ್ಷ್ಮಿ ಬರಲೆಂದು ಸಂಜೆ ಬಾಗಿಲು ತೆರೆದೂ ಇಡುತ್ತೇವೆ. ವರ್ಷವಿಡೀ ಬ್ಯಾಂಕ್ ಲಾಕರಿನಲ್ಲಿದ್ದ ಚಿನ್ನ ಹಬ್ಬದ ವಾರ ಬೀರುವಿನಲ್ಲಿರುತ್ತದೆ. ಪದ್ಧತಿ ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಗೃಹ ರಕ್ಷಾ ಪಾಲಿಸಿಯಲ್ಲಿ ಒಡವೆಗೆ ತಾನಾಗಿ ರಕ್ಷಣೆಯಿಲ್ಲ. ಬೆಲೆಬಾಳುವ ವಸ್ತುಗಳೆಂದು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು. ಒಟ್ಟು ಮೊತ್ತ 5 ಲಕ್ಷದೊಳಗಿದ್ದು, ಯಾವ ಒಂದು ವಸ್ತುವೂ 1 ಲಕ್ಷ ಮೀರದಿದ್ದರೆ ಮೌಲ್ಯಮಾಪನ ಪ್ರಮಾಣಪತ್ರವನ್ನೂ ಕೇಳುವುದಿಲ್ಲ. ಇಂದಿನ ಚಿನ್ನದ ದರದಲ್ಲಿ ಒಂದು ಸಾಧಾರಣ ಸರವೇ 1 ಲಕ್ಷ ದಾಟುವುದರಿಂದ, ಹೆಚ್ಚಿನ ಮನೆಯವರು ಪ್ರಮಾಣಪತ್ರ ಮಾಡಿಸಿಕೊಳ್ಳುವುದೇ ಸರಿ. ನಗದಿಗೆ ಈ ಪಾಲಿಸಿಯಲ್ಲಿ ರಕ್ಷಣೆಯೇ ಇಲ್ಲ. ಪೂಜೆಗೆ ಇಟ್ಟ ನೋಟಿನ ಕಟ್ಟು ಸುಟ್ಟರೆ ಸುಟ್ಟಂತೆಯೇ.

ಲಾಕರಿನಲ್ಲಿದ್ದರೆ ಬ್ಯಾಂಕು ಪೂರ್ತಿ ಹೊಣೆ ಎಂಬ ನಂಬಿಕೆಯೂ ಸರಿಯಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಬೆಂಕಿ, ಕಳ್ಳತನ, ಕಟ್ಟಡ ಕುಸಿತ, ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತ. ಬಾಡಿಗೆ 3,000 ರೂಪಾಯಿ ಆಗಿದ್ದರೆ ಗರಿಷ್ಠ 3 ಲಕ್ಷ. ಒಳಗೆ 30 ಲಕ್ಷದ ಚಿನ್ನವಿದ್ದರೂ ಅಷ್ಟೇ. ಹಾಗಿದ್ದರೂ ಮನೆಯ ಬೀರುವಿಗಿಂತ ಲಾಕರು ಸುರಕ್ಷಿತ, ಅದರಲ್ಲಿ ನನಗೆ ಅನುಮಾನವಿಲ್ಲ. ಬಲಿಪಾಡ್ಯಮಿ ಮುಗಿದು ಬ್ಯಾಂಕು ತೆರೆದ ದಿನವೇ ಒಡವೆ ಅಲ್ಲಿಗೆ ಸೇರಲಿ.

ಕಳ್ಳತನದ ವಿಷಯದಲ್ಲಿ ಜನರಿಗೆ ಆಗುವ ಆಘಾತ ಎಲ್ಲಕ್ಕಿಂತ ದೊಡ್ಡದು. ಗೃಹ ರಕ್ಷಾ ಪಾಲಿಸಿಯಲ್ಲಿ ಮಾಮೂಲಿ ಕಳ್ಳತನಕ್ಕೆ ಪರಿಹಾರವಿಲ್ಲ. ಬೆಂಕಿಯೋ ಪ್ರವಾಹವೋ ಆಗಿ, ಆ ಗಲಿಬಿಲಿಯಲ್ಲಿ 7 ದಿನದೊಳಗೆ ಕಳವಾದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಊರಿಗೆ ಹೋದಾಗ ಮನೆ ಒಡೆದರೆ ಪರಿಹಾರ ಸಿಗಬೇಕಾದರೆ ‘ಬರ್ಗ್ಲರಿ’ ಕವರ್ ಬೇರೆಯಾಗಿ ಇರಬೇಕು. ಅದರಲ್ಲೂ ಒಂದು ಗಟ್ಟಿ ಷರತ್ತಿದೆ: ಕಳ್ಳ ಬಲಪ್ರಯೋಗ ಮಾಡಿ ಒಳಗೆ ನುಗ್ಗಿರಬೇಕು. ಬೀಗ ಮುರಿದಿರಬೇಕು, ಕಿಟಕಿಯ ಸರಳು ಬಗ್ಗಿಸಿರಬೇಕು, ಬಾಗಿಲ ಚೌಕಟ್ಟಿನಲ್ಲಿ ಗುರುತಿರಬೇಕು. ಪಾಲಿಸಿಯಲ್ಲಿ ಹಾಗೆಂದು ಬರೆದಿದ್ದರೆ ಬಲಪ್ರಯೋಗವಿಲ್ಲದ ಕಳವಿಗೆ ಪರಿಹಾರ ಕೇಳಲಾಗದು ಎಂದು ಸುಪ್ರೀಂ ಕೋರ್ಟೇ 2004ರಲ್ಲಿ ತೀರ್ಪು ಕೊಟ್ಟಿದೆ.

ಈಗ ನಿಮ್ಮ ಕಾರಿಡಾರಿನಲ್ಲಿ ಒಮ್ಮೆ ನಡೆದು ನೋಡಿ. ಎಷ್ಟು ಮನೆಗಳ ಕೀಲಿ ಶೂ ರ‍್ಯಾಕಿನ ಒಳಗೆ, ತುಳಸಿ ಕುಂಡದ ಕೆಳಗೆ, ಮೀಟರ್ ಪೆಟ್ಟಿಗೆಯ ಮೇಲೆ ಇದೆ? ಕೆಲಸದವರು ಬಂದು ಗಿಡಕ್ಕೆ ನೀರು ಹಾಕಲಿ ಎಂದು ಇಟ್ಟು ಹೋಗಿರುತ್ತೇವೆ. ಕಳ್ಳ ಅದೇ ಕೀಲಿಯಿಂದ ಬಾಗಿಲು ತೆಗೆದು, ಬೀರುವಿನ ಮೇಲಿದ್ದ ಇನ್ನೊಂದು ಕೀಲಿಯಿಂದ ಬೀರು ತೆಗೆದು, ಒಂದು ಗೀರೂ ಇಲ್ಲದೆ ಹೊರಟುಹೋದರೆ ವಿಮಾ ಕಂಪನಿಯ ಸರ್ವೇಯರ್ ಬಂದು ಬೀಗ ನೋಡಿ, ಚಿಲಕ ನೋಡಿ, ಬಲಪ್ರಯೋಗದ ಗುರುತಿಲ್ಲವೆಂದು ಬರೆದುಕೊಳ್ಳುತ್ತಾರೆ. ಆಮೇಲೆ ಎಷ್ಟು ಹೊಡೆದಾಡಿದರೂ ಕಷ್ಟ. ಮನೆಯವರೇ ಅಥವಾ ಮನೆಗೆಲಸದವರೇ ಭಾಗಿಯಾದ ಕಳವಿಗೂ ಸಾಮಾನ್ಯ ಕವರ್‌ನಲ್ಲಿ ಪರಿಹಾರವಿರುವುದಿಲ್ಲ. ಕೀಲಿಯನ್ನು ನಂಬಿಕೆಯ ಒಬ್ಬ ಮನುಷ್ಯನ ಕೈಗೆ ಕೊಟ್ಟು ಹೋಗಿ. ಊರಿಗೆ ಹೋಗುವುದನ್ನು ಸ್ಥಳೀಯ ಪೊಲೀಸ್ ಠಾಣೆಗೆ ತಿಳಿಸಿ, ಫೇಸ್‌ಬುಕ್ಕಿಗೆ ಬೇಡ. ಅಮೆರಿಕದಲ್ಲೋ ದುಬೈಯಲ್ಲೋ ಇದ್ದುಕೊಂಡು ಇಲ್ಲಿ ಫ್ಲ್ಯಾಟಿಗೆ ಬೀಗ ಹಾಕಿರುವ ನಮ್ಮ ಕನ್ನಡಿಗರು ನಿಮ್ಮ ಸದಸ್ಯರಲ್ಲಿದ್ದರೆ ಅವರಿಗೂ ತಿಳಿಸಿ: ಬಹಳ ದಿನ ಖಾಲಿ ಇರುವ ಮನೆಗೆ ಪಾಲಿಸಿಯಲ್ಲಿ ಬೇರೆ ಷರತ್ತುಗಳಿರಬಹುದು, ಮನೆ ಖಾಲಿ ಇದೆ ಎಂಬುದನ್ನು ಕಂಪನಿಗೆ ಮೊದಲೇ ಬರಹದಲ್ಲಿ ಹೇಳಿರಬೇಕು.

ಗಾಡಿಗಳ ವಿಷಯ ಚಿಕ್ಕದು, ಆದರೆ ಪ್ರತಿ ದೀಪಾವಳಿಯಲ್ಲೂ ಬರುವಂಥದ್ದು. ಬೀದಿಯಲ್ಲಿ ನಿಲ್ಲಿಸಿದ ಸ್ಕೂಟರಿಗೆ ಕಿಡಿ ಬಿದ್ದು ಸೀಟು ಹೊತ್ತಿಕೊಂಡರೆ ಮನೆಯ ಪಾಲಿಸಿ ಸಹಾಯಕ್ಕೆ ಬರುವುದಿಲ್ಲ, ಅದರಲ್ಲಿ ವಾಹನಗಳನ್ನು ಹೊರಗಿಟ್ಟಿದ್ದಾರೆ. ಸ್ಕೂಟರಿಗೆ ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಅದೂ ಕೊಡುವುದಿಲ್ಲ. ಹೊಸ ಗಾಡಿ ಕೊಳ್ಳುವಾಗ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಟ್ಟಿರುವುದರಿಂದ ‘ಇನ್ಶೂರೆನ್ಸ್ ಇನ್ನೂ ಇದೆ’ ಎಂದು ಸುಮ್ಮನಿರುತ್ತೇವೆ. ಸ್ವಂತ ಗಾಡಿಯ ಹಾನಿಗೆ ಇರುವ ಭಾಗ ಮೊದಲ ವರ್ಷಕ್ಕೇ ಮುಗಿದಿರಬಹುದು. ಮೊಬೈಲಿನಲ್ಲಿರುವ ಪಾಲಿಸಿ ತೆಗೆದು ಎರಡು ತಾರೀಖುಗಳನ್ನೂ ನೋಡಿ.

ವಸ್ತುಗಳ ಮಾತು ಸಾಕು. ಮನುಷ್ಯರ ಮಾತಿಗೆ ಬರುತ್ತೇನೆ.

ಹಬ್ಬದ ಮೂರು ದಿನ ಚಾಮರಾಜಪೇಟೆಯ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಪ್ರತಿ ವರ್ಷವೂ ಪಟಾಕಿ ಗಾಯಾಳುಗಳಿಗಾಗಿ ವಿಶೇಷ ವ್ಯವಸ್ಥೆ ಮಾಡಬೇಕಾಗುತ್ತದೆ. ಅಲ್ಲಿಗೆ ಬರುವವರಲ್ಲಿ ಮಕ್ಕಳು ಬಹಳ, ಮತ್ತು ಪಟಾಕಿ ಹಚ್ಚದೆ ಬರೀ ನೋಡುತ್ತ ನಿಂತಿದ್ದವರು, ದಾರಿಯಲ್ಲಿ ಹೋಗುತ್ತಿದ್ದವರು ಕೂಡ ಇರುತ್ತಾರೆ. ಕಣ್ಣಿಗೆ ಪೆಟ್ಟಾದಾಗ ತಾಯಂದಿರು ಗಾಬರಿಯಲ್ಲಿ ಉಜ್ಜಿಬಿಡುತ್ತಾರೆ, ಎಣ್ಣೆಯೋ ಎದೆಹಾಲೋ ಹಾಕುತ್ತಾರೆ. ಉಜ್ಜಬಾರದು, ಒತ್ತಬಾರದು, ಏನನ್ನೂ ಹಾಕಬಾರದು. ಏನಾದರೂ ಚುಚ್ಚಿಕೊಂಡಿದ್ದರೆ ಕೀಳಬಾರದು. ಒಂದು ಪೇಪರ್ ಕಪ್ಪನ್ನು ಕಣ್ಣಿನ ಮೇಲೆ ಒತ್ತದ ಹಾಗೆ ಇಟ್ಟು ಟೇಪು ಹಾಕಿ ನೇರವಾಗಿ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮೈ ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಟೂತ್‌ಪೇಸ್ಟು, ಇಂಕು, ಬೆಣ್ಣೆ ಯಾವುದೂ ಬೇಡ.

ಆರೋಗ್ಯ ವಿಮೆ ಇದ್ದವರು ತಿಳಿದಿರಬೇಕಾದದ್ದು ಎರಡಿದೆ. ಹೊಸ ಪಾಲಿಸಿಗೆ ಮೊದಲ 30 ದಿನ ಕಾಯುವ ಅವಧಿಯಿದ್ದರೂ ಅಪಘಾತಕ್ಕೆ ಅದು ಅನ್ವಯಿಸುವುದಿಲ್ಲ. ಹಬ್ಬಕ್ಕೆ ಹತ್ತು ದಿನ ಮುಂಚೆ ಮಾಡಿಸಿದ ಪಾಲಿಸಿಯೂ ಸುಟ್ಟ ಗಾಯಕ್ಕೆ ಆಸ್ಪತ್ರೆಗೆ ದಾಖಲಾದರೆ ಉಪಯೋಗಕ್ಕೆ ಬರುತ್ತದೆ. ಇನ್ನೊಂದು, ದಾಖಲಾಗದೆ ಹೊರರೋಗಿಯಾಗಿ ಪಡೆದ ಚಿಕಿತ್ಸೆಗೆ ಹೆಚ್ಚಿನ ಪಾಲಿಸಿಗಳಲ್ಲಿ ಹಣ ಬರುವುದಿಲ್ಲ. ಕಣ್ಣಿನ ಸಣ್ಣ ಗಾಯಗಳು ಹೆಚ್ಚಾಗಿ ಹೀಗೇ ಮುಗಿಯುವುದರಿಂದ, ಹಬ್ಬದ ವಾರ ಕೈಯಲ್ಲಿ ಸ್ವಲ್ಪ ಹಣ ಇಟ್ಟುಕೊಂಡಿರಿ. ನಗದುರಹಿತ ಚಿಕಿತ್ಸೆಗೆ ಆಸ್ಪತ್ರೆಯಿಂದ ಕೋರಿಕೆ ಬಂದ ಒಂದು ಗಂಟೆಯೊಳಗೆ ವಿಮಾ ಕಂಪನಿ ಉತ್ತರಿಸಬೇಕು, ಬಿಡುಗಡೆಯ ಸಮಯದಲ್ಲಿ ಮೂರು ಗಂಟೆಯೊಳಗೆ ತೀರ್ಮಾನಿಸಬೇಕು ಎಂದು ಐಆರ್‌ಡಿಎಐ 2024ರಲ್ಲಿ ಆದೇಶಿಸಿದೆ. ರಾತ್ರಿ ಹನ್ನೊಂದಕ್ಕೆ ಕೌಂಟರಿನಲ್ಲಿ ನಿಂತಾಗ ಈ ಗಡುವು ನಿಮಗೆ ಗೊತ್ತಿದ್ದರೆ ಕೇಳುವ ಧೈರ್ಯ ಬರುತ್ತದೆ.

ಅಡುಗೆ ಮನೆಯ ಸಿಲಿಂಡರಿಗೆ ಒಂದು ವಿಮೆ ಇದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಸರ್ಕಾರಿ ತೈಲ ಕಂಪನಿಗಳು ತಮ್ಮ ಖರ್ಚಿನಲ್ಲೇ ಎಲ್ಲ ನೋಂದಾಯಿತ ಗ್ರಾಹಕರಿಗೆ ಅನ್ವಯವಾಗುವಂತೆ ಅದನ್ನು ಮಾಡಿಸಿವೆ. ಎಲ್‌ಪಿಜಿ ಕಾರಣದಿಂದ ಬೆಂಕಿ ಅಪಘಾತವಾಗಿ ಸಾವು ಸಂಭವಿಸಿದರೆ ಒಬ್ಬರಿಗೆ 6 ಲಕ್ಷ, ಚಿಕಿತ್ಸೆಗೆ ಒಬ್ಬರಿಗೆ 2 ಲಕ್ಷದವರೆಗೆ, ನೋಂದಾಯಿತ ವಿಳಾಸದ ಆಸ್ತಿ ನಷ್ಟಕ್ಕೆ 2 ಲಕ್ಷದವರೆಗೆ ಪರಿಹಾರವಿದೆ. ಅಪಘಾತವಾದ ಕೂಡಲೇ ಗ್ಯಾಸ್ ಏಜೆನ್ಸಿಗೆ ಬರಹದಲ್ಲಿ ತಿಳಿಸಬೇಕು. ‘ನೋಂದಾಯಿತ ವಿಳಾಸ’ ಎಂಬಲ್ಲಿ ತಡೆದು ನಿಲ್ಲಿ. ಮನೆ ಬದಲಿಸಿ ಮೂರು ವರ್ಷವಾದರೂ ಗ್ಯಾಸ್ ಪುಸ್ತಕದಲ್ಲಿ ಹಳೆಯ ವಿಳಾಸವೇ ಇರುವ ಬಾಡಿಗೆದಾರರು ನಿಮ್ಮ ಕಟ್ಟಡದಲ್ಲಿ ಎಷ್ಟು ಜನ? ರಬ್ಬರ್ ಪೈಪಿಗೂ ಆಯುಷ್ಯವಿದೆ, ಅದರ ಮೇಲೆ ವರ್ಷ ಮುದ್ರಿಸಿರುತ್ತಾರೆ. ಹೋಳಿಗೆ, ಚಕ್ಕುಲಿ, ಕಜ್ಜಾಯ ಎಂದು ಒಲೆ ದಿನವಿಡೀ ಉರಿಯುವ ವಾರ ಇದು. ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ ಕಿಟಕಿ ತೆಗೆದು, ರೆಗ್ಯುಲೇಟರ್ ಬಂದ್ ಮಾಡಿ, 1906ಕ್ಕೆ ಕರೆ ಮಾಡಿ. ಕಾದ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಎರಚಬೇಡಿ, ಒಲೆ ಆರಿಸಿ ತಟ್ಟೆ ಮುಚ್ಚಿ.

ನರಕ ಚತುರ್ದಶಿಯ ಎಣ್ಣೆಸ್ನಾನದ ಬಗ್ಗೆ ಇಷ್ಟು ಹೇಳಲೇಬೇಕು. ಬೆಳಗಿನ ಜಾವ ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಅದೇ ಬಚ್ಚಲಿಗೆ ಹೋಗುತ್ತಾರೆ. ಅಲ್ಲಿ ಗ್ಯಾಸ್ ಗೀಸರ್ ಇದ್ದು, ಚಳಿಗೆ ಕಿಟಕಿ ಮುಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ. ಬೆಂಗಳೂರಿನಲ್ಲೇ ಹೀಗೆ ಎಷ್ಟೋ ಜೀವಗಳು ಹೋಗಿವೆ. ಬಚ್ಚಲೊಳಗೆ ಗ್ಯಾಸ್ ಗೀಸರ್ ಇರುವ ಮನೆಗಳ ಪಟ್ಟಿ ಮಾಡಿ, ಅದನ್ನು ಹೊರಗೆ ಹಾಕಿಸುವಂತೆ ಸಂಘ ಒತ್ತಾಯಿಸಬೇಕು. ಇಲ್ಲಿ ಸದಸ್ಯರ ಮುಲಾಜು ನೋಡುವುದು ತಪ್ಪು.

ಪಟಾಕಿಗೆ ಬರೋಣ. ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 23ರಂದು ಕೊಟ್ಟ ಆದೇಶದಲ್ಲಿ ದೀಪಾವಳಿಗೆ ರಾತ್ರಿ 8ರಿಂದ 10ರವರೆಗೆ ಮಾತ್ರ ಅವಕಾಶ ಕೊಟ್ಟಿದೆ. ಸರಪಟಾಕಿ ನಿಷಿದ್ಧ, ಬೇರಿಯಂ ಇರುವವು ನಿಷಿದ್ಧ. ನಮ್ಮ ರಾಜ್ಯದಲ್ಲಿ ಹಸಿರು ಪಟಾಕಿಗೆ ಮಾತ್ರ ಅನುಮತಿ. ಆದರೂ ಅಪಾರ್ಟ್‌ಮೆಂಟುಗಳಲ್ಲಿ ಮಧ್ಯರಾತ್ರಿಯವರೆಗೆ ಸರ ಸಿಡಿಯುತ್ತಲೇ ಇರುತ್ತದೆ, ಸಮಿತಿಯವರು ‘ವರ್ಷಕ್ಕೊಂದು ಹಬ್ಬ’ ಎಂದು ಸುಮ್ಮನಿರುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಬೆಂಕಿ ಬಿದ್ದಾಗ ದೀಪಾವಳಿಗೆ ಇನ್ನೂ ಒಂದು ತಿಂಗಳಿತ್ತು. ಹಬ್ಬದ ಮಾರಾಟಕ್ಕೆಂದು ತಂದು ಇಳಿಸುತ್ತಿದ್ದ ಸರಕು ಅದು. ಸತ್ತವರಲ್ಲಿ ಬಹುಪಾಲು ತಮಿಳುನಾಡಿನ ಹಳ್ಳಿಗಳಿಂದ ನಾಲ್ಕು ಕಾಸಿನ ಕೆಲಸಕ್ಕೆ ಬಂದಿದ್ದ ಹುಡುಗರು. ರಿಯಾಯಿತಿ ದರದಲ್ಲಿ ಸಿಕ್ಕಿತೆಂದು ಹೊಸೂರು ರಸ್ತೆಯಿಂದ ಕಾರಿನ ಡಿಕ್ಕಿ ತುಂಬ ಪಟಾಕಿ ತಂದು ನೆಲಮಾಳಿಗೆಯಲ್ಲಿಟ್ಟುಕೊಳ್ಳುವವರು ಆ ಮಳಿಗೆಯನ್ನು ನೆನಪಿಸಿಕೊಳ್ಳಲಿ. ಸ್ಫೋಟಕ ವಸ್ತುಗಳನ್ನು ಗೃಹ ರಕ್ಷಾ ಪಾಲಿಸಿ ಸ್ಪಷ್ಟವಾಗಿ ಹೊರಗಿಟ್ಟಿದೆ ಎಂಬುದನ್ನೂ ಅವರಿಗೆ ತಿಳಿಸಿ.

ಸಮಿತಿ ಮಾಡಬೇಕಾದದ್ದು ಹೆಚ್ಚಿಲ್ಲ. ಪಟಾಕಿಗೆ ಬಯಲಿನಲ್ಲಿ ಒಂದೇ ಜಾಗ ಗೊತ್ತು ಮಾಡಿ, ಅಲ್ಲಿ ನೀರಿನ ಡ್ರಮ್ಮು, ಮರಳಿನ ಬಕೆಟ್ಟು ಇಡಿಸಿ. ಹಬ್ಬದ ಸಂಜೆ ಎಲ್ಲ ಮನೆಗಳ ಬಾಲ್ಕನಿಯಿಂದ ಬಟ್ಟೆ, ರಟ್ಟು, ಹಳೆಯ ಪೇಪರು ಒಳಗೆ ಹೋಗಲಿ, ಕಿಟಕಿ ಮುಚ್ಚಲಿ. ನಾಲ್ಕನೇ ಮಹಡಿಯ ಆ ಮನೆ ಉಳಿಯಲು ಇಷ್ಟೇ ಸಾಕಾಗುತ್ತಿತ್ತು. ಬೆಂಕಿ ನಂದಿಸುವ ಸಿಲಿಂಡರುಗಳಿಗೆ ಕಟ್ಟಿರುವ ಚೀಟಿಯಲ್ಲಿ ಮರುಭರ್ತಿಯ ತಾರೀಖು ನೋಡಿ, ಪಿನ್ನು ಎಳೆದು ಜ್ವಾಲೆಯ ಬುಡಕ್ಕೆ ಹಿಡಿಯುವುದನ್ನು ಮಹಡಿಗೆ ಇಬ್ಬರಿಗಾದರೂ ಕಲಿಸಿ. ಅಗ್ನಿಶಾಮಕ ವಾಹನ ಬರುವ ದಾರಿಯಲ್ಲಿ ಹಬ್ಬಕ್ಕೆ ಬಂದ ನೆಂಟರ ಕಾರು ನಿಲ್ಲದಂತೆ ನೋಡಿಕೊಳ್ಳಿ. ಗೇಟಿನ ಲೈಟಿಂಗಿಗೆ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಹತ್ತು ಸರ ಎಳೆಯಬೇಡಿ. ವಿದ್ಯುತ್ ಶಾರ್ಟ್ ಆಗಿ ಟಿವಿ ಒಂದೇ ಸುಟ್ಟರೆ ಪಾಲಿಸಿಯಲ್ಲಿ ಆ ಟಿವಿಗೆ ಪರಿಹಾರವಿಲ್ಲ. ಅದರಿಂದ ಬೆಂಕಿ ಹರಡಿ ಉಳಿದದ್ದು ಸುಟ್ಟರೆ ಆ ಉಳಿದದ್ದಕ್ಕೆ ಮಾತ್ರ ಇದೆ.

ಎಲ್ಲ ಎಚ್ಚರಿಕೆಯ ನಡುವೆಯೂ ನಷ್ಟವಾಗಿಬಿಟ್ಟರೆ, ಮೊದಲು ಜನರನ್ನು ಹೊರಗೆ ತಂದು 112ಕ್ಕೆ ಅಥವಾ 101ಕ್ಕೆ ಕರೆ ಮಾಡಿ. ಬೆಂಕಿ ಆರಿದ ಮೇಲೆ ಮನೆಯವರಿಗೆ ಎಲ್ಲವನ್ನೂ ಗುಡಿಸಿ ಎಸೆದುಬಿಡಬೇಕು ಎನ್ನಿಸುತ್ತದೆ. ಹಬ್ಬದ ದಿನ ಸುಟ್ಟ ವಸ್ತು ಮನೆಯಲ್ಲಿರಬಾರದೆಂದು ಹಿರಿಯರು ಹೇಳುತ್ತಾರೆ. ಸರ್ವೇಯರ್ ನೋಡುವವರೆಗೆ ತಾಳಿ. ಎಲ್ಲ ಕೋನಗಳಿಂದ ಫೋಟೊ ತೆಗೆಯಿರಿ, ಅದೇ ದಿನ ವಿಮಾ ಕಂಪನಿಗೆ ತಿಳಿಸಿ ಕ್ಲೇಮಿನ ಸಂಖ್ಯೆ ಬರೆದುಕೊಳ್ಳಿ, ಅಗ್ನಿಶಾಮಕ ಠಾಣೆಯ ವರದಿ ಕೇಳಿ ಪಡೆಯಿರಿ, ಕಳ್ಳತನವಾದರೆ ಎಫ್‌ಐಆರ್ ಮಾಡಿಸಿ. ಬಿಲ್ಲುಗಳನ್ನು ಹುಡುಕಿ ತರುವುದು ಆಮೇಲಿನ ಮಾತು. ಹಬ್ಬದ ಹಿಂದಿನ ದಿನ ಒಂದೊಂದು ಕೋಣೆಯಲ್ಲೂ ಬೀರು, ಕಪಾಟು ತೆರೆದು ಮೊಬೈಲಿನಲ್ಲಿ ಒಂದು ವಿಡಿಯೊ ಮಾಡಿಟ್ಟಿದ್ದರೆ, ಮನೆಯಲ್ಲಿ ಏನಿತ್ತು ಎಂಬ ವಾದವೇ ಹುಟ್ಟುವುದಿಲ್ಲ. ಆ ವಿಡಿಯೊ ಮನೆಯಲ್ಲಿರುವ ಫೋನಿನಲ್ಲಷ್ಟೇ ಅಲ್ಲ, ಮಗಳ ಹತ್ತಿರವೋ ತಮ್ಮನ ಹತ್ತಿರವೋ ಇರಲಿ.

ಕಂಪನಿ ಅನ್ಯಾಯವಾಗಿ ಕ್ಲೇಮು ತಿರಸ್ಕರಿಸಿದರೆ ಅಲ್ಲಿಗೇ ಬಿಡಬೇಡಿ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ, ಆಮೇಲೆ ಐಆರ್‌ಡಿಎಐನ 155255 ಸಂಖ್ಯೆಗೆ ಅಥವಾ ‘ಬಿಮಾ ಭರೋಸಾ’ ಪೋರ್ಟಲ್‌ಗೆ ದೂರು ಕೊಡಿ. ಬೆಂಗಳೂರಿನಲ್ಲೇ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಸರಿಯಾದ ಕಾಗದವಿಟ್ಟುಕೊಂಡು ಅಲ್ಲಿಗೆ ಹೋಗಿ ಗೆದ್ದವರನ್ನು ನಾನು ಕಂಡಿದ್ದೇನೆ. ಆಗ ನಾನು ಎದುರು ಪಕ್ಷದಲ್ಲಿದ್ದರೂ ನನಗೆ ಸಂತೋಷವೇ ಆಗಿದೆ.

ಕೊನೆಯದಾಗಿ, ನೀವೆಲ್ಲ ಪೂಜೆಯಲ್ಲಿದ್ದಾಗ ಗೇಟಿನಲ್ಲಿ ನಿಂತಿರುವವರ ಮಾತು. ಬೆಂಕಿ ಬಿದ್ದರೆ ಮೊದಲು ಮೆಟ್ಟಿಲು ಹತ್ತಿ ಓಡುವವನು ವಾಚ್‌ಮನ್. ಬೆಳಗ್ಗೆ ಸಿಡಿಯದೆ ಉಳಿದ ಪಟಾಕಿಯ ನಡುವೆ ಕಸ ಗುಡಿಸುವವರು ಹೌಸ್‌ಕೀಪಿಂಗ್ ಹೆಂಗಸರು. ನಾಲ್ಕನೇ ಮಹಡಿಯ ಹೊರಗೆ ಜೋತು ಲೈಟಿನ ಸರ ಕಟ್ಟುವವನು ಯಾರೋ ಎಲೆಕ್ಟ್ರಿಷಿಯನ್ ಕರೆತಂದ ಹುಡುಗ. ಅವರನ್ನು ಒದಗಿಸುವ ಏಜೆನ್ಸಿ ಇಎಸ್‌ಐ ವಂತಿಗೆ ಕಟ್ಟುತ್ತಿದೆಯೇ ಎಂದು ರಸೀದಿ ಕೇಳಿ ನೋಡುವ ಹಕ್ಕು ಸಂಘಕ್ಕಿದೆ, ಕೇಳಿ. ಅದಲ್ಲದೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಎಂಬುದೊಂದಿದೆ. 18ರಿಂದ 70 ವರ್ಷದವರು, ಬ್ಯಾಂಕ್ ಖಾತೆ ಇದ್ದರೆ ಸಾಕು, ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸಾವಾದರೆ 2 ಲಕ್ಷ, ಎರಡೂ ಕಣ್ಣು ಹೋದರೆ 2 ಲಕ್ಷ, ಒಂದು ಕಣ್ಣು ಶಾಶ್ವತವಾಗಿ ಹೋದರೆ 1 ಲಕ್ಷ. ಅವರವರ ಬ್ಯಾಂಕಿನಲ್ಲೇ ಒಂದು ಅರ್ಜಿ ತುಂಬಿದರಾಯಿತು. ಬರೆಯಲು ಬಾರದವರಿಗೆ ನಿಮ್ಮಲ್ಲಿ ಒಬ್ಬರು ತುಂಬಿಕೊಡಿ, ನಾಮಿನಿಯ ಹೆಸರು ಸರಿಯಾಗಿ ಬರೆಸಿ, ಆ 20 ರೂಪಾಯಿ ಸಂಘದ ಖಾತೆಯಿಂದ ಅವರಿಗೆ ಸಲ್ಲಲಿ.

ಇನಾಮಿನ ಲಕೋಟೆ ಕೊಡುವ ಮೊದಲು, ಈ ಭಾನುವಾರವೇ, ಅವರೆಲ್ಲರ ಅರ್ಜಿ ತುಂಬಿಸಿ ಮುಗಿಸಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ,
ನಿಮ್ಮಂತೆಯೇ ಒಂದು ಸಂಘದ ಸದಸ್ಯ